ಬಿಡಿಸಿ ಬರೆಯಿರಿ: ಇಂಗ್ಲಿಷ್ ಪದಗಳಿಗೂ ನಮ್ಮ ಸಂಧಿ ಪಾಠ

ಎರಡು ವರ್ಷದ ಹಿಂದೆ ಚಿಕ್ಕಪ್ಪನನ್ನು ಕರೆದುಕೊಂಡು ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದೆ. ಅವರಿಗೆ ಕಿಡ್ನಿ ತೊಂದರೆ. ಯಾವ ವಿಭಾಗಕ್ಕೆ ಹೋಗಬೇಕು ಅಂತ ಊರಿನ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಚೀಟಿ ನೋಡಿದೆ, ಬೋರ್ಡ್ ನೋಡಿದೆ, ಟೋಕನ್ ತೆಗೆದುಕೊಂಡೆ, ಮುಕ್ಕಾಲು ಗಂಟೆ ಕೂತೆವು. ಸರದಿ ಬಂದಾಗ ಒಳಗಿದ್ದ ಡಾಕ್ಟರು ಚೀಟಿ ಓದಿ ನಕ್ಕರು. "ಇದು ನರದ ವಿಭಾಗ. ನೀವು ಹೋಗಬೇಕಾಗಿರೋದು ಮೂರನೇ ಮಹಡಿಗೆ." ಚೀಟಿಯಲ್ಲಿ ಇದ್ದದ್ದು ನೆಫ್ರಾಲಜಿ. ನಾವು ಕೂತಿದ್ದು ನ್ಯೂರಾಲಜಿ ಮುಂದೆ.

ತಪ್ಪು ನನ್ನದೇ. ಆದರೂ ಆ ಎರಡು ಪದಗಳನ್ನು ಇಂಗ್ಲಿಷಿನಲ್ಲಿ ಒಂದರ ಕೆಳಗೊಂದು ಬರೆದು ನೋಡಿ. ಮೊದಲ ಎರಡು ಅಕ್ಷರ ಎನ್, ಇ. ಕೊನೆಯ ಆರು ಅಕ್ಷರ ಆರ್, ಓ, ಎಲ್, ಓ, ಜಿ, ವೈ. ಎರಡರಲ್ಲೂ ಅವೇ. ನಡುವೆ ಒಂದರಲ್ಲಿ ಪಿ-ಎಚ್ ಇದೆ, ಇನ್ನೊಂದರಲ್ಲಿ ಯು ಇದೆ. ವ್ಯತ್ಯಾಸ ಅಷ್ಟೇ!

ಅವತ್ತಿನಿಂದ ಇಂಗ್ಲಿಷ್ ಪದಗಳನ್ನು ಬಿಡಿಸಿ ನೋಡುವ ಚಾಳಿ ಹತ್ತಿತು. ಅಣ್ಣನ ಮಗಳು ಒಂಬತ್ತನೇ ಕ್ಲಾಸು, ಅವಳಿಗೂ ಹತ್ತಿಸಿದೆ. ಇಂಗ್ಲಿಷಿನ ದೊಡ್ಡ ಪದಗಳಲ್ಲಿ ಬಹುಪಾಲು ಲ್ಯಾಟಿನ್ ಅಥವಾ ಗ್ರೀಕ್ ತುಂಡುಗಳಿಂದ ಕಟ್ಟಿದವು. ಒಂದೇ ಅಕ್ಷರಗಳ ಗುಂಪು ಹತ್ತಾರು ಪದಗಳಲ್ಲಿ ಬಂದರೆ, ಸಾಮಾನ್ಯವಾಗಿ ಅದರ ಜತೆ ಒಂದು ಅರ್ಥವೂ ಬಂದಿರುತ್ತದೆ. ಆ ಗುಂಪನ್ನು ಗುರುತಿಸುವ ವಿದ್ಯೆ ನಮಗೆ ಹೊಸದೇನಲ್ಲ. ಹೈಸ್ಕೂಲಿನಲ್ಲಿ "ಬಿಡಿಸಿ ಬರೆಯಿರಿ" ಅಂತ ಎರಡು ಅಂಕದ ಪ್ರಶ್ನೆ ಬರುತ್ತಿತ್ತಲ್ಲ, ಅದೇ.

ಮೊದಲ ಹೆಜ್ಜೆ: ಕಿವಿ ಬಿಡಿ, ಕಣ್ಣು ಹಿಡಿಯಿರಿ

ಕನ್ನಡವನ್ನು ಬರೆದ ಹಾಗೇ ಓದುತ್ತೇವೆ. ಅದಕ್ಕೇ ನಮಗೆ ಇಂಗ್ಲಿಷ್ ಸ್ಪೆಲ್ಲಿಂಗ್ ಕಂಡರೆ ಸಿಟ್ಟು. ಒಂದು ದಿನ ಅಣ್ಣನ ಮಗಳು ಕೇಳಿದಳು: "ಚಿಕ್ಕಪ್ಪ, ಟೂ ಅನ್ನೋದಕ್ಕೆ ಟಿ, ಡಬ್ಲ್ಯೂ, ಓ ಅಂತ ಯಾಕೆ ಬರೀಬೇಕು? ಡಬ್ಲ್ಯೂಗೆ ಅಲ್ಲೇನು ಕೆಲಸ?"

ಒಳ್ಳೆಯ ಪ್ರಶ್ನೆ. ಉತ್ತರ ಅದರ ನೆಂಟರಲ್ಲಿದೆ. ಟ್ವೈಸ್ ಅಂದರೆ ಎರಡು ಸಲ. ಟ್ವಿನ್ ಅಂದರೆ ಅವಳಿ. ಟ್ವೆಂಟಿ ಅಂದರೆ ಎರಡು ಹತ್ತು. ಬಿಟ್ವೀನ್ ಅಂದರೆ ಎರಡರ ನಡುವೆ. ಟ್ವೆಲ್ವ್ ಇನ್ನೂ ಚೆನ್ನಾಗಿದೆ: ಹತ್ತು ಎಣಿಸಿದ ಮೇಲೆ ಎರಡು ಉಳಿಯಿತು ಎಂದು ಅದರ ಮೂಲ ಅರ್ಥ. ಇಲೆವೆನ್ ಅಂದರೆ ಒಂದು ಉಳಿಯಿತು. ಎರಡು ಇರುವ ಕಡೆಯೆಲ್ಲ ಟಿ ಪಕ್ಕದಲ್ಲಿ ಡಬ್ಲ್ಯೂ ಕೂತಿದೆ. ಹಿಂದೆ ಟೂ ಪದದಲ್ಲೂ ಅದನ್ನು ಉಚ್ಚರಿಸುತ್ತಿದ್ದರು. ನಾಲಿಗೆ ಬಿಟ್ಟಿತು, ಬರವಣಿಗೆ ಬಿಡಲಿಲ್ಲ. ನಮ್ಮ ದ್ವಿಚಕ್ರದ "ದ್ವಿ" ಕೂಡ ಇದೇ ಬಳಗದ್ದು.

ಆದ್ದರಿಂದ ಮೂಕ ಅಕ್ಷರ ಕಂಡರೆ ಅದರ ಅಣ್ಣತಮ್ಮಂದಿರನ್ನು ಹುಡುಕಿ. ಸೈನ್ ಪದದಲ್ಲಿ ಜಿ ಕೇಳಿಸುವುದಿಲ್ಲ, ಸಿಗ್ನೇಚರ್‌ನಲ್ಲಿ ಕೇಳಿಸುತ್ತದೆ. ಮಸಲ್ ಅಂದಾಗ ಸಿ ಸತ್ತಿರುತ್ತದೆ, ಮಸ್ಕ್ಯುಲರ್ ಅಂದಾಗ ಎದ್ದು ಬರುತ್ತದೆ. ಸಾಲಕ್ಕೆ ಡೆಟ್ ಅನ್ನುತ್ತಾರೆ, ಬರೆಯುವಾಗ ನಡುವೆ ಒಂದು ಬಿ ಬೇಕು. ನಿಮ್ಮ ಪಾಸ್‌ಬುಕ್ಕಿನ ಡೆಬಿಟ್ ನೆನಪಿಸಿಕೊಳ್ಳಿ, ಬಿ ಮರೆಯುವುದಿಲ್ಲ.

ಕಿವಿಯನ್ನು ನಂಬಿದರೆ ಇನ್ನೊಂದು ಮೋಸವೂ ಇದೆ. ಇನ್ಸೈಡ್ ಮತ್ತು ಇನ್ಸೆಕ್ಟಿಸೈಡ್, ಎರಡರ ಕೊನೆಯಲ್ಲೂ ನಮಗೆ ಕೇಳಿಸುವುದು "ಸೈಡ್". ಮೊದಲನೆಯದು ಎಸ್‌ನಿಂದ ಬರೆಯುವ ಸೈಡ್, ಮಗ್ಗುಲು. ಎರಡನೆಯದು ಸಿ, ಐ, ಡಿ, ಇ. ಅದರ ಅರ್ಥ ಕೊಲ್ಲುವುದು. ಗೊಬ್ಬರದ ಅಂಗಡಿಯಲ್ಲಿ ನಿಂತರೆ ಇದರ ಇಡೀ ಸಂಸಾರ ಸಿಗುತ್ತದೆ: ಹುಳ ಕೊಲ್ಲುವ ಇನ್ಸೆಕ್ಟಿಸೈಡ್, ಕಳೆ ಕೊಲ್ಲುವ ಹರ್ಬಿಸೈಡ್, ಶಿಲೀಂಧ್ರ ಕೊಲ್ಲುವ ಫಂಗಿಸೈಡ್. ಅಡಿಕೆಗೆ ಕೊಳೆ ಬರದಿರಲಿ ಅಂತ ಮೈಲುತುತ್ತು, ಸುಣ್ಣ ಕಲಸಿ ಹೊಡೆಯುವ ಬೋರ್ಡೋ ದ್ರಾವಣವೂ ಫಂಗಿಸೈಡೇ. ಡಿಸೈಡ್ ಕೂಡ ಇದೇ ಮನೆಯದು. ಆ ಲ್ಯಾಟಿನ್ ಬೇರಿಗೆ ಕಡಿಯುವುದು ಎಂಬ ಅರ್ಥವೂ ಇತ್ತು. ತೀರ್ಮಾನ ಮಾಡುವುದು ಅಂದರೆ ಕಡ್ಡಿ ತುಂಡು ಮಾಡುವುದು. ನಮ್ಮ ಮಾತಿನಲ್ಲೂ ಹಾಗೇ ಅಲ್ವಾ, "ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟ" ಅಂತ?

ಎರಡನೇ ಹೆಜ್ಜೆ: ಒಂದೇ ಒಂದು ಬೇರು ಹಿಡಿದು ಜಗ್ಗಿ

ಸಂಸ್ಕೃತ ಕಲಿಸುವ ಮೇಷ್ಟ್ರುಗಳು ಹಳೇ ಶ್ಲೋಕವೊಂದನ್ನು ಹೇಳಿಕೊಡುತ್ತಾರೆ. ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ. ಐದೂ ಪದಗಳಲ್ಲಿ "ಹಾರ" ಇದೆ. ಹಿಂದಿರುವ ಧಾತು "ಹೃ", ಒಯ್ಯು ಎಂದು ಅರ್ಥ. ಮುಂದೆ ಕೂತ ಉಪಸರ್ಗ ಅದನ್ನು ಐದು ದಿಕ್ಕಿಗೆ ಎಳೆದುಕೊಂಡು ಹೋಗಿದೆ. ಒಂದು ಏಟು, ಒಂದು ಊಟ, ಒಂದು ಕೊಲೆ, ಒಂದು ತಿರುಗಾಟ, ಒಂದು ಉಪಾಯ.

ಈಗ ಇಂಗ್ಲಿಷಿಗೆ ಬನ್ನಿ. ಪಿ, ಓ, ಆರ್, ಟಿ. ಲ್ಯಾಟಿನ್‌ನಲ್ಲಿ ಪೋರ್ತಾರೆ ಎಂಬ ಕ್ರಿಯಾಪದ. ಅರ್ಥ? ಒಯ್ಯು, ಹೊರು. ನಮ್ಮ ಹೃ ಧಾತು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ.

ಇಂಪೋರ್ಟ್, ಒಳಗೆ ಒಯ್ಯು. ಎಕ್ಸ್‌ಪೋರ್ಟ್, ಹೊರಗೆ ಒಯ್ಯು. ಟ್ರಾನ್ಸ್‌ಪೋರ್ಟ್, ಆ ಕಡೆಗೆ ದಾಟಿಸು. ಡಿಪೋರ್ಟ್, ದೇಶದಿಂದ ಆಚೆ ಸಾಗಹಾಕು. ರಿಪೋರ್ಟ್, ವಾಪಸ್ ಒಯ್ಯು: ಅಲ್ಲಿ ನಡೆದದ್ದನ್ನು ಇಲ್ಲಿಗೆ ತಂದು ಹೇಳುವುದು. ಸಪೋರ್ಟ್ ನನಗೆ ತುಂಬಾ ಇಷ್ಟದ ಪದ. ಸಬ್ ಅಂದರೆ ಕೆಳಗೆ. ಕೆಳಗೆ ನಿಂತು ಹೊರುವವನೇ ಸಪೋರ್ಟ್ ಮಾಡುವವನು. ತೇರಿನ ದಿನ ಉತ್ಸವಮೂರ್ತಿಯ ಪಲ್ಲಕ್ಕಿಗೆ ಹೆಗಲು ಕೊಟ್ಟವರನ್ನು ನೆನೆಸಿಕೊಂಡರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಇನ್ನು ಪೋರ್ಟಬಲ್ ಅಂದರೆ ಹೊತ್ತುಕೊಂಡು ಹೋಗಬಹುದಾದದ್ದು, ರೈಲ್ವೆ ಸ್ಟೇಷನ್ನಿನ ಪೋರ್ಟರ್ ಅಂದರೆ ಹೊರುವವನು.

ಒಂದು ಬೇರಿಗೆ ಎಂಟು ಪದ. ಬಾಯಿಪಾಠ ಮಾಡಬೇಕಾದದ್ದು ಒಂದೇ.

ಮೂರನೇ ಹೆಜ್ಜೆ: ಮುಂದಿನ ತುಂಡನ್ನು ಗುರುತಿಸಿ

ಇಂಗ್ಲಿಷ್ ಉಪಸರ್ಗಗಳ ಉದ್ದನೆಯ ಪಟ್ಟಿಗಳು ಸಿಗುತ್ತವೆ. ಅವುಗಳ ಗೋಜಿಗೆ ಹೋಗಬೇಡಿ. ಮೇಲಿನ ಪದಗಳಲ್ಲೇ ಐದಾರು ಬಂದುಹೋದವು. ಕಾನ್ ಅಥವಾ ಕಾಮ್ ಅಂದರೆ ಜತೆಗೆ, ಪ್ರೊ ಅಂದರೆ ಮುಂದಕ್ಕೆ, ಪ್ರಿ ಅಂದರೆ ಮೊದಲೇ, ಆಡ್ ಅಂದರೆ ಕಡೆಗೆ, ಡಿಸ್ ಅಂದರೆ ಬೇರೆಯಾಗಿ. ಇಷ್ಟು ಸೇರಿಸಿಕೊಂಡರೆ ಸದ್ಯಕ್ಕೆ ಸಾಕು.

ಬೇರೆ ಬೇರುಗಳ ಮುಂದೆ ಇವನ್ನೇ ಇಟ್ಟು ನೋಡಿ. ಜೆ, ಇ, ಸಿ, ಟಿ ಅಂದರೆ ಎಸೆಯುವುದು. ಇಂಜೆಕ್ಷನ್ ಒಳಗೆ ತಳ್ಳುವುದು, ರಿಜೆಕ್ಟ್ ವಾಪಸ್ ಎಸೆಯುವುದು, ಎಜೆಕ್ಟ್ ಹೊರಗೆ ಎಸೆಯುವುದು. ಪ್ರೊಜೆಕ್ಟರ್ ಬೆಳಕನ್ನು ಮುಂದಕ್ಕೆ ಎಸೆಯುತ್ತದೆ. ಟಿ, ಆರ್, ಎ, ಸಿ, ಟಿ ಅಂದರೆ ಎಳೆಯುವುದು. ಹೊಲದಲ್ಲಿರುವ ಟ್ರ್ಯಾಕ್ಟರ್ ಅಂದರೆ ಸುಮ್ನೆ "ಎಳೆಯುವಂಥದ್ದು". ಅಟ್ರ್ಯಾಕ್ಟ್ ತನ್ನ ಕಡೆಗೆ ಎಳೆಯುತ್ತದೆ, ಡಿಸ್ಟ್ರ್ಯಾಕ್ಟ್ ಬೇರೆ ಕಡೆಗೆ ಎಳೆಯುತ್ತದೆ. ಹುಣಸೆಹಣ್ಣಿನ ರಸ ಹಿಂಡಿ ತೆಗೆದರೆ ಎಕ್ಸ್‌ಟ್ರ್ಯಾಕ್ಟ್.

ಎಸ್, ಪಿ, ಇ, ಸಿ, ಟಿ ಅಂದರೆ ನೋಡುವುದು. ಇನ್ಸ್‌ಪೆಕ್ಟರ್ ಒಳಹೊಕ್ಕು ನೋಡುವವನು. ರೆಸ್ಪೆಕ್ಟ್ ಅಂದರೆ ತಿರುಗಿ ನೋಡುವುದು, ಅಂದರೆ ಗಣಿಸುವುದು. ಸಸ್ಪೆಕ್ಟ್ ಅಂದರೆ ಕೆಳಗಿನಿಂದ ಕಣ್ಣು ಮೇಲೆತ್ತಿ ನೋಡುವುದು. ಕಳ್ಳನೋಟ, ಅನುಮಾನದ ನೋಟ. ಸ್ಪೆಕ್ಟಕಲ್ಸ್ ಗೊತ್ತೇ ಇದೆ, ಕನ್ನಡಕ.

ನಾಲ್ಕನೇ ಹೆಜ್ಜೆ: ಅಕ್ಷರ ಜೋಡಿಯಾಗಿದ್ದರೆ ಅಲ್ಲಿ ಸಂಧಿ ನಡೆದಿದೆ

ಸ್ಪೆಲ್ಲಿಂಗ್ ತಪ್ಪುವವರಿಗೆ ಇದು ಜಾಸ್ತಿ ಉಪಯೋಗ. ಉತ್ ಮತ್ತು ಲಾಸ ಸೇರಿದರೆ ಉಲ್ಲಾಸ. ಸತ್ ಮತ್ತು ಜನ ಸೇರಿದರೆ ಸಜ್ಜನ. ಮೊದಲ ಪದದ ಕೊನೆಯ ವ್ಯಂಜನ ಮುಂದಿನದರ ವೇಷ ಹಾಕಿಕೊಂಡಿತು. ಹೀಗೇ ಇಂಗ್ಲಿಷಿನ ಇನ್ ಮತ್ತು ಲೀಗಲ್ ಸೇರಿದರೆ ಇಲ್ಲೀಗಲ್, ಎರಡು ಎಲ್. ಇನ್ ಮತ್ತು ರೆಗ್ಯುಲರ್ ಸೇರಿದರೆ ಇರ್ರೆಗ್ಯುಲರ್, ಎರಡು ಆರ್. ಸಬ್ ಮತ್ತು ಪೋರ್ಟ್ ಸೇರಿ ಸಪೋರ್ಟ್ ಆಯಿತು, ಅದಕ್ಕೇ ಎರಡು ಪಿ. ಆಡ್ ಮತ್ತು ಟ್ರ್ಯಾಕ್ಟ್ ಸೇರಿ ಅಟ್ರ್ಯಾಕ್ಟ್, ಅದಕ್ಕೇ ಎರಡು ಟಿ.

ಈಗ ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜ್‌ಗಳ ಬೋರ್ಡ್ ನೋಡಿ. ಅಕಾಮಡೇಷನ್ ಎಂಬ ಪದವನ್ನು ಎಷ್ಟು ಥರ ಬರೆಯಬಹುದೋ ಅಷ್ಟೂ ಥರ ಬರೆದಿರುತ್ತಾರೆ. ಒಂದು ಸಿ, ಎರಡು ಎಂ. ಎರಡು ಸಿ, ಒಂದು ಎಂ. ಎಲ್ಲ ಒಂದೊಂದೇ. ಅವರನ್ನು ಬೈಯುವ ಹಾಗಿಲ್ಲ, ಇಂಗ್ಲಿಷರೇ ತಪ್ಪು ಬರೆಯುವ ಪದ ಅದು. ಬಿಡಿಸಿದರೆ ಗೊಂದಲ ಇರುವುದಿಲ್ಲ. ಮೊದಲು ಆಡ್, ಆಮೇಲೆ ಕಾಮ್, ಆಮೇಲೆ ಮೋಡ್. ಆಡ್‌ನ ಡಿ ಮುಂದಿನ ಸಿ ಆಗಿ ಬದಲಾಯಿತು, ಹಾಗಾಗಿ ಎರಡು ಸಿ. ಕಾಮ್‌ನ ಎಂ ಜತೆ ಮೋಡ್‌ನ ಎಂ ಸೇರಿತು, ಹಾಗಾಗಿ ಎರಡು ಎಂ.

ಸಂಧಿ ನಡೆಯದ ಕಡೆಯೂ ಲೆಕ್ಕ ಸುಲಭ. ಡಿಸ್ ಮತ್ತು ಅಪಾಯಿಂಟ್ ಸೇರಿದರೆ ಒಂದೇ ಎಸ್. ಡಿಸ್ ಮತ್ತು ಸ್ಯಾಟಿಸ್‌ಫೈಡ್ ಸೇರಿದರೆ ಎರಡು ಎಸ್. ರೀ ಮತ್ತು ಕಮೆಂಡ್ ಸೇರಿದರೆ ಒಂದು ಸಿ, ಎರಡು ಎಂ. ಮಿಸ್ ಮತ್ತು ಸ್ಪೆಲ್ ಸೇರಿದರೆ ಎರಡು ಎಸ್. ಸ್ಪೆಲ್ಲಿಂಗ್ ತಪ್ಪು ಎಂಬ ಅರ್ಥದ ಆ ಪದವನ್ನೇ ಜನ ಒಂದು ಎಸ್ ಹಾಕಿ ತಪ್ಪಾಗಿ ಬರೆಯುತ್ತಾರೆ, ಪಾಪ.

ಐದನೇ ಹೆಜ್ಜೆ: ಬಾಲ ನೋಡಿ (ಆಸ್ಪತ್ರೆಗೆ ಹೋಗುವ ಮುಂಚೆ)

ಆಸ್ಪತ್ರೆಯ ಪದಗಳು ನೋಡಲು ಭಯಂಕರ, ಬಿಡಿಸಲು ಸಲೀಸು. ಹೆಚ್ಚಿನವು ಗ್ರೀಕ್. ತಲೆ ಕಡೆ ಅಂಗದ ಹೆಸರು, ಬಾಲದಲ್ಲಿ ಏನಾಗಿದೆ ಅಥವಾ ಏನು ಮಾಡುತ್ತಾರೆ ಎಂಬುದು.

ಬಾಲಗಳಿಂದ ಶುರು ಮಾಡೋಣ. ಐಟಿಸ್ ಅಂದರೆ ಉರಿಯೂತ. ಟಾನ್ಸಿಲೈಟಿಸ್, ಅಪೆಂಡಿಸೈಟಿಸ್, ಹೊಟ್ಟೆಯ ಗ್ಯಾಸ್ಟ್ರೈಟಿಸ್, ಲಿವರಿನ ಹೆಪಟೈಟಿಸ್, ಕೀಲಿನ ಆರ್ಥ್ರೈಟಿಸ್. ನಾವು ಮದ್ರಾಸ್ ಐ ಅನ್ನುವುದು ಅವರಿಗೆ ಕಂಜಂಕ್ಟಿವೈಟಿಸ್. ಎಕ್ಟಮಿ ಅಂದರೆ ಕತ್ತರಿಸಿ ತೆಗೆಯುವುದು. ಈ ಬಾಲ ಕಂಡರೆ ಒಂದು ಭಾಗ ಹೋಗುತ್ತದೆ ಎಂದು ತಿಳಿಯಿರಿ. ಹಿಸ್ಟರೆಕ್ಟಮಿ ಅಂದರೆ ಗರ್ಭಕೋಶ ತೆಗೆಯುವುದು. ಆಟಮಿ ಅಂದರೆ ಬರೀ ಕೊಯ್ಯುವುದು. ಎಕ್ಟಮಿ ಮತ್ತು ಆಟಮಿ ಬೇರೆ ಬೇರೆ, ಇದನ್ನು ಗಟ್ಟಿಯಾಗಿ ನೆನಪಿಡಿ. ಸ್ಕೋಪಿ ಅಂದರೆ ನೋಡುವುದು, ಎಂಡೋ ಅಂದರೆ ಒಳಗೆ: ಎಂಡೋಸ್ಕೋಪಿ. ಕಿಡ್ನಿ ಕಲ್ಲಿಗೆ ಲಿಥೋಟ್ರಿಪ್ಸಿ ಮಾಡಬೇಕು ಅಂದರೆ ಹೆದರಬೇಡಿ. ಲಿಥೋ ಕಲ್ಲು, ಟ್ರಿಪ್ಸಿ ಪುಡಿ ಮಾಡುವುದು. ಕಲ್ಲು ಪುಡಿ, ಅಷ್ಟೇ.

ತಲೆಗಳಿಗೆ ಬಂದರೆ, ಕಾರ್ಡಿಯೋ ಹೃದಯ, ಡರ್ಮ ಚರ್ಮ, ಹೆಪಟೋ ಲಿವರ್, ಆಫ್ತಾಲ್ಮೋ ಕಣ್ಣು. ಮೂಳೆಗೆ ಆಸ್ಟಿಯೋ. ನಮ್ಮ ಅಸ್ಥಿಯೂ ಅದೂ ಒಂದೇ ಮೂಲದವು. ಡೆಂಟಿಸ್ಟ್ ಹತ್ತಿರ ಹೋದಾಗ ದಂತ ನೆನಪಾಗುತ್ತದಲ್ಲ, ಅದೂ ಹಾಗೇ. ಇನ್ನು ಮೂಗಿಗೆ ರೈನೋ. ಖಡ್ಗಮೃಗಕ್ಕೆ ರೈನೋಸೆರಸ್ ಎಂದು ಯಾಕೆ ಹೆಸರು ಅಂದರೆ, ಮೂಗಿನ ಮೇಲೆ ಕೊಂಬು. ನಮ್ಮನ್ನು ಮುಕ್ಕಾಲು ಗಂಟೆ ಕೂರಿಸಿದ ಆ ಎರಡು ತಲೆಗಳು: ನೆಫ್ರೋ ಕಿಡ್ನಿ, ನ್ಯೂರೋ ನರ.

ಬಿಪಿ ಮತ್ತು ಶುಗರ್ ಇರುವ ಮನೆಯಲ್ಲಿ ಒಂದು ಜೋಡಿಯನ್ನು ಎಲ್ಲರೂ ಕಲಿಯಬೇಕು. ಹೈಪರ್ ಅಂದರೆ ಜಾಸ್ತಿ, ಹೈಪೋ ಅಂದರೆ ಕಡಿಮೆ. ಹೈಪರ್‌ಟೆನ್ಷನ್ ಅಂದರೆ ಬಿಪಿ ಏರಿದೆ, ಹೈಪೊಟೆನ್ಷನ್ ಅಂದರೆ ಇಳಿದಿದೆ. ಹೈಪರ್‌ಗ್ಲೈಸೀಮಿಯಾ ಶುಗರ್ ಏರಿದ್ದು, ಹೈಪೋಗ್ಲೈಸೀಮಿಯಾ ಇಳಿದದ್ದು. ಫೋನಿನಲ್ಲಿ ಒಂದನ್ನು ಇನ್ನೊಂದಾಗಿ ಕೇಳಿಸಿಕೊಂಡರೆ ಅನಾಹುತವೇ ಆಗಬಹುದು. ನೆನಪಿಟ್ಟುಕೊಳ್ಳಲು ದಾರಿ ಸಂಸ್ಕೃತದಲ್ಲಿದೆ: ಗ್ರೀಕಿನ ಹೈಪರ್ ನಮ್ಮ "ಉಪರಿ"ಯ ನೆಂಟ, ಹೈಪೋ ನಮ್ಮ "ಉಪ"ದ ನೆಂಟ. ಕೊನೆಯಲ್ಲಿ ರಕಾರ ಇದ್ದರೆ ಮೇಲೆ, ಇಲ್ಲದಿದ್ದರೆ ಕೆಳಗೆ.

ಇನ್ನೊಂದು ಸಣ್ಣ ಖುಷಿ. ರಕ್ತಹೀನತೆಗೆ ಅನೀಮಿಯಾ. ಅದರ ಮೊದಲಿರುವ "ಅನ್" ಅಂದರೆ ಇಲ್ಲ. ವ್ಯಂಜನದ ಮುಂದೆ ಅದು ಬರೀ "ಅ" ಆಗುತ್ತದೆ. ಅಶುದ್ಧ, ಅನಾರೋಗ್ಯ ಎಂದು ನಾವು ಬರೆಯುವ ನಿಯಮವೇ ಗ್ರೀಕಿನಲ್ಲೂ ಇದೆ.

ಪದ ಬಿಡಿಸಲು ಬಂತು ಅಂತ ರಿಪೋರ್ಟ್ ನೋಡಿ ನೀವೇ ಔಷಧ ತೆಗೆದುಕೊಳ್ಳಬೇಡಿ. ಸರಿಯಾದ ಬಾಗಿಲ ಮುಂದೆ ಕೂರುವುದಕ್ಕೆ ಮಾತ್ರ ಈ ವಿದ್ಯೆ.

ಆರನೇ ಹೆಜ್ಜೆ: ಎಲ್ಲಿ ಕೈಕೊಡುತ್ತದೆ ಎಂದು ತಿಳಿದಿರಿ

ಪೆಟ್ರೋಲ್ ಟ್ಯಾಂಕರ್ ಹಿಂದೆ ಬೈಕಿನಲ್ಲಿ ಹೋಗುವಾಗ "ಹೈಲಿ ಇನ್‌ಫ್ಲೇಮಬಲ್" ಎಂಬ ಬರಹ ಕಾಣುತ್ತದೆ. ಇಲ್ಲೀಗಲ್ ಕಾನೂನಿಗೆ ವಿರುದ್ಧವಾದರೆ ಇನ್‌ಫ್ಲೇಮಬಲ್ ಬೆಂಕಿ ಹತ್ತದ್ದು ಎಂದು ಯಾರಾದರೂ ತಿಳಿದಾರು. ಸುಳ್ಳು. ಇಂಗ್ಲಿಷಿನಲ್ಲಿ ಇನ್ ಎರಡಿವೆ. ಒಂದು "ಅಲ್ಲ" ಎನ್ನುತ್ತದೆ, ಇನ್ನೊಂದು "ಒಳಗೆ" ಎನ್ನುತ್ತದೆ. ಟ್ಯಾಂಕರ್ ಮೇಲಿರುವುದು ಎರಡನೆಯದು, ಹೊತ್ತಿ ಉರಿಯುವಂಥದ್ದು. ಈ ಗೊಂದಲ ಅಪಾಯ ಅಂತಲೇ ಈಗ ಎಷ್ಟೋ ಕಡೆ ಇನ್ ಕಿತ್ತುಹಾಕಿ ಬರೀ ಫ್ಲೇಮಬಲ್ ಎಂದು ಬರೆಯುತ್ತಾರೆ. ಎರಡರ ಅರ್ಥವೂ ಒಂದೇ!

ಪೋರ್ಟ್ ಕೂಡ ಎಲ್ಲ ಕಡೆ ಹೊರುವುದಿಲ್ಲ. ಏರ್‌ಪೋರ್ಟ್, ಪಾಸ್‌ಪೋರ್ಟ್ ಪದಗಳಲ್ಲಿ ಇರುವುದು ಬಂದರು ಎಂಬ ಅರ್ಥದ ಬೇರೆ ಲ್ಯಾಟಿನ್ ಪದ. ಆಪರ್ಚುನಿಟಿಯೂ ಬಂದರಿನ ಮಗುವೇ. ಹಡಗನ್ನು ಬಂದರಿನ ಕಡೆಗೆ ತಳ್ಳುವ ಗಾಳಿಯಿಂದ ಆ ಪದ ಹುಟ್ಟಿತು. ಗಾಳಿ ಬಂದಾಗ ತೂರಿಕೋ ಎಂದು ನಮ್ಮವರು ಕಣದಲ್ಲಿ ನಿಂತು ಹೇಳಿದರು, ರೋಮನ್ನರು ಹಡಗಿನಲ್ಲಿ ನಿಂತು ಹೇಳಿದರು.

ಪಿ, ಇ, ಡಿ ಇನ್ನೊಂದು ಬಲೆ. ಪೆಡಲ್, ಪೆಡೆಸ್ಟ್ರಿಯನ್ ಪದಗಳಲ್ಲಿ ಅದು ಲ್ಯಾಟಿನ್ ಪಾದ, ನಮ್ಮ ಪಾದದ ದಾಯಾದಿ. ಪೀಡಿಯಾಟ್ರಿಕ್ಸ್‌ನಲ್ಲಿ ಅದು ಗ್ರೀಕ್ ಮಗು. ಹಾಗಾದರೆ ಆರ್ಥೋಪೀಡಿಕ್ಸ್? ಅಲ್ಲಿಯೂ ಮಗುವೇ. 1741ರಲ್ಲಿ ಫ್ರಾನ್ಸಿನ ವೈದ್ಯ ನಿಕೋಲಾ ಆಂಡ್ರಿ ಈ ಪದ ಕಟ್ಟಿದ. ಆರ್ಥೋ ಅಂದರೆ ನೆಟ್ಟಗೆ. ಸೊಟ್ಟಗಿರುವ ಮಕ್ಕಳ ಮೈಯನ್ನು ನೆಟ್ಟಗೆ ಮಾಡುವ ವಿದ್ಯೆ ಎಂದು ಅವನ ಲೆಕ್ಕ. ಅಜ್ಜಿಯ ಮಂಡಿ ನೋವಿಗೆ ಹೋಗುವ ವಿಭಾಗದ ಹೆಸರಲ್ಲಿ ಇವತ್ತಿಗೂ ಒಂದು ಮಗು ಕೂತಿದೆ.

ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಅಂದರೆ ಸಪ್ತ, ಅಷ್ಟ, ನವ, ದಶ. ಆದರೆ ಅವು ಒಂಬತ್ತರಿಂದ ಹನ್ನೆರಡನೇ ತಿಂಗಳು. ಹಳೇ ರೋಮನ್ ವರ್ಷ ಮಾರ್ಚಿನಲ್ಲಿ ಶುರುವಾಗುತ್ತಿತ್ತು. ವರ್ಷದ ತಲೆ ಜನವರಿಗೆ ಹೋಯಿತು, ಹೆಸರು ಅಲ್ಲೇ ಉಳಿಯಿತು.

ಅನುಮಾನ ಬಂದರೆ ನಿಘಂಟಿನಲ್ಲಿ ಪದದ ಕೊನೆಗೆ ಅದರ ಮೂಲ ಕೊಟ್ಟಿರುತ್ತಾರೆ, ನೋಡಿ. ಮೊಬೈಲಿನಲ್ಲಾದರೆ ಎಟಿಮ್‌ಆನ್‌ಲೈನ್ ತೆರೆಯಿರಿ, ದುಡ್ಡು ಕೊಡಬೇಕಿಲ್ಲ.

ಏಳನೇ ಹೆಜ್ಜೆ: ನೋಟ್‌ಬುಕ್ಕು

ನೂರು ಪುಟದ್ದು ಸಾಕು. ಒಂದು ಬೇರಿಗೆ ಒಂದು ಪುಟ. ವಾರಕ್ಕೆ ಎರಡಕ್ಕಿಂತ ಜಾಸ್ತಿ ಬೇಡ. ಪದಗಳನ್ನು ಪಟ್ಟಿಯಿಂದ ಇಳಿಸಿಕೊಳ್ಳಬೇಡಿ, ಕಣ್ಣಿಗೆ ಬಿದ್ದಾಗ ಬರೆಯಿರಿ. ಎಲ್ಲಿ ಬಿತ್ತು ಅನ್ನುವುದನ್ನೂ ಪಕ್ಕದಲ್ಲಿ ಗುರುತು ಹಾಕಿ.

ನಮ್ಮ ಹುಡುಗಿಯ ಸ್ಕ್ರಿಪ್ಟ್ ಪುಟ ಹೀಗಿದೆ. ಮೇಲೆ ಕೆಂಪು ಪೆನ್ನಿನಲ್ಲಿ "ಬರೆ". ಕೆಳಗೆ ಪ್ರಿಸ್ಕ್ರಿಪ್ಷನ್, ಮೊದಲೇ ಬರೆದುಕೊಟ್ಟದ್ದು, ಮೆಡಿಕಲ್ ಶಾಪ್. ಮ್ಯಾನುಸ್ಕ್ರಿಪ್ಟ್, ಕೈಯಲ್ಲಿ ಬರೆದದ್ದು, ಅದರ ಪಕ್ಕ "ಹಸ್ತಪ್ರತಿ = ಸೇಮ್ ಟು ಸೇಮ್". ಇನ್‌ಸ್ಕ್ರಿಪ್ಷನ್, ಒಳಗೆ ಕೆತ್ತಿ ಬರೆದದ್ದು, ಹಲ್ಮಿಡಿ ಶಾಸನ, ಸಮಾಜ ಪುಸ್ತಕ. ಪೋಸ್ಟ್‌ಸ್ಕ್ರಿಪ್ಟ್, ಆಮೇಲೆ ಬರೆದದ್ದು, ಪತ್ರದ ಕೊನೆಯ ಪಿ.ಎಸ್. ಸಬ್‌ಸ್ಕ್ರೈಬ್, ಕೆಳಗೆ ಬರೆ ಅಂದರೆ ರುಜು ಹಾಕು, ಯೂಟ್ಯೂಬ್. ಅದರ ಮುಂದೆ ಬಾರಿಸುವ ಗಂಟೆಯ ಒಂದು ಚಿತ್ರ.

ಕೊನೆಯ ಎರಡು ಪುಟ ಖಾಲಿ ಬಿಡಿ. ಬಿಡಿಸಲು ಬಾರದ ಪದಗಳು ಅಲ್ಲಿಗೆ. ನಾಯಿಗೆ ಹೇಳುವ ಡಾಗ್ ಎಂಬ ಮೂರಕ್ಷರದ ಪದ ಎಲ್ಲಿಂದ ಬಂತೆಂದು ಇಂಗ್ಲಿಷ್ ಪಂಡಿತರಿಗೇ ಬಗೆಹರಿದಿಲ್ಲ. ಅದು ಅಲ್ಲಿದೆ. ಅದರ ಕೆಳಗೆ ಅರೆಕಾ ಇದೆ. ಲ್ಯಾಟಿನ್ ಇರಬೇಕು ಎಂದು ಅವಳು ಅರ್ಧ ಗಂಟೆ ಒದ್ದಾಡಿದ್ದಳು. ಆಮೇಲೆ ನೋಡಿದರೆ, ಮಲಯಾಳದ ಅಡಕ್ಕ ಪೋರ್ಚುಗೀಸರ ಬಾಯಿಗೆ ಬಿದ್ದು ಅರೆಕಾ ಆಗಿ ಇಂಗ್ಲಿಷಿಗೆ ಹೋಗಿದೆ. ಅಂದರೆ ನಮ್ಮ ಅಡಿಕೆಯ ತಂಗಿ. ಅವಳು ಆ ಸಾಲಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದಾಳೆ: "ಎಲ್ಲಿ ಸಿಕ್ಕಿತು? ಅಜ್ಜನ ತೋಟ."